ನಿಲುಗಡೆ ಸ್ಥಳಾಂತರಿಸಲಾಗಿದೆ

ಆಗ್ನೆಸ್ ಅಜ್ಜಿಯ ಹೆಸರನ್ನು
ಕೊನೆಯ ಅಕ್ಷರದಿಂದ ಓದಿ ನನಗಿಟ್ಟರು: ಸೆಂಗಾ.
ಆಮೇಲೆ ಎಲ್ಲವೂ ಹಿಂದುಮುಂದೇ.
ಮೊದಲು ಮಗ, ಆಮೇಲೆ ಮದುವೆ,
ಹತ್ತೊಂಬತ್ತು ವರ್ಷ ಡಂಡಿಯ ಬಸ್ಸಿನ ಸ್ಟಿಯರಿಂಗು,
ನಲವತ್ತಾರಕ್ಕೆ ಕಾಲೇಜು.
ಮನಶ್ಶಾಸ್ತ್ರ, ಮೊದಲ ವರ್ಷ.

ಶುರುವಿನಲ್ಲಿ ಹಳದಿ ಪೆನ್ನು ಹಿಡಿದೆ.
ಪೈಯ ಮೇಲೆ ಸಾಸಿವೆ ಬಳಿದ ಹಾಗೆ
ಪುಟಪುಟಕ್ಕೂ ಬಳಿದೆ.
ಪುಸ್ತಕ ಹೊಳೆಯಿತು, ತಲೆಯಲ್ಲ.
ಪಕ್ಕದ ಬೆಂಚಿನ ಫಿನ್ಲೇ, ನನ್ನ ಮಗನಿಗಿಂತ ಚಿಕ್ಕವನು, ಹೇಳಿದ:
"ಓದಿದ್ದನ್ನೇ ಓದಿದರೆ ಗೊತ್ತಿದೆ ಅನ್ನಿಸುತ್ತೆ, ಅಷ್ಟೆ.
ಪುಸ್ತಕ ಮುಚ್ಚು. ಖಾಲಿ ಹಾಳೆ ತಗೋ.
ನೆನಪಾದಷ್ಟು ಬರಿ. ನಾಚಿಕೆಯಾಗುತ್ತೆ, ಆಗಲಿ."
ಆಯಿತು.
ಮೂರೂವರೆ ಸಾಲು, ಅದರಲ್ಲೂ ಕಾಗುಣಿತ ತಪ್ಪು.

ಆ ರಾತ್ರಿ ಲೆಕ್ಕ ಹಾಕಿದೆ: ನನಗೆ ಬಾಯಿಪಾಠ ಇರುವುದೇನು?
ಲಾಖೀಯಿಂದ ಪರ್ತ್ ರಸ್ತೆಯ ತುದಿಗೆ ಮೂವತ್ತೊಂದು ಸ್ಟಾಪು.
ಸರಿ, ಒಂದೊಂದರಲ್ಲಿ ಒಂದೊಂದು ಪದ ಹತ್ತಿಸಿಕೊಂಡೆ.
ಮುಚ್ಚಿದ ಸೆಣಬಿನ ಗಿರಣಿಯೆದುರು ಹಿಪೊಕ್ಯಾಂಪಸ್.
ಅಜ್ಜಿ ಗೋಣಿಯ ನೂಲು ನೂತ ಜಾಗ ಅದು,
ನೆನಪು ನೂಲುವವರಿಗೆ ಬೇರೆ ವಿಳಾಸ ಯಾಕೆ?
ಚಿಪ್ಸ್ ಅಂಗಡಿಯೆದುರು ಡೋಪಮೈನ್, ಸರತಿಯಲ್ಲಿ ಮೊದಲನೆಯದು.
ಆಸ್ಪತ್ರೆಯ ತಿರುವಿನಲ್ಲಿ ಬಾದಾಮಿಯಷ್ಟೇ ದೊಡ್ಡ ಅಮಿಗ್ಡಲಾ
ಚೀಲ ತಬ್ಬಿಕೊಂಡು ನಿಂತಿತ್ತು.
ಗಂಟೆ ಕೇಳಿದರೆ ಜೊಲ್ಲು ಸುರಿಸುವ ಆ ನಾಯಿಗೆ ಮಾತ್ರ
ಸ್ಟಾಪು ಬೇಕಾಗಲಿಲ್ಲ.
ಹಿಂದೆ ಯಾರೋ ಗುಂಡಿ ಒತ್ತಿದರೆ ಟಿಂಗ್,
ನನ್ನ ಬಲಗಾಲು ಬ್ರೇಕಿನ ಮೇಲೆ.
ಮನೆಯಲ್ಲಿ ಮೈಕ್ರೋವೇವ್ ಟಿಂಗ್ ಎಂದರೂ
ಅಡುಗೆಮನೆಯ ನೆಲ ಒತ್ತುತ್ತೇನೆ.

ಇವತ್ತಿನದನ್ನು ನಾಳೆ ಕೇಳಿಕೋ,
ಮೂರು ದಿನ ಬಿಟ್ಟು ಕೇಳಿಕೋ, ವಾರ ಬಿಟ್ಟು.
ಮರೆಯಲು ಬಿಡು, ಪೂರ್ತಿ ಮರೆಯುವ ಮುಂಚೆ ಹೋಗಿ ಕರೆ.
ಹುಡುಗರಿಗೆ ಇದು ಕಷ್ಟ, ಒಂದೇ ರಾತ್ರಿ ಉರು ಹೊಡೆಯುತ್ತಾರೆ.
ನನಗೇನು,
ಬಿಟ್ಟುಬಿಟ್ಟು ಅದೇ ದಾರಿಗೆ ಬರುವುದಕ್ಕೇ ಸಂಬಳ.

ಪೆಟ್ರಿ ಮುದುಕ. ಉಚಿತ ಪಾಸು, ಹೋಗಬೇಕಾದ ಊರಿಲ್ಲ.
ಕೊನೆಯ ಸ್ಟಾಪಿನಲ್ಲಿ ಎಂಜಿನ್ ಆರಿಸಿದ ಆರು ನಿಮಿಷ
ನನ್ನ ಚೀಟಿಗಳನ್ನು ಇಸ್ಪೀಟಿನಂತೆ ಹಿಡಿದು ಪ್ರಶ್ನೆ ಕೇಳುತ್ತಾನೆ.
"ಪುಸ್ತಕದ ಮಾತು ಬೇಡ, ನನಗೆ ತಿಳಿಯೋ ಹಾಗೆ ಹೇಳು."
ಹೇಳಲು ಹೋಗಿ ನಡುವೆ ತಡವರಿಸಿದೆನೋ,
ಅಲ್ಲೇ ನನಗೂ ತಿಳಿದಿಲ್ಲ ಎಂದರ್ಥ.
ನದಿಯ ಮಂಜು ಗಾಜಿಗೆ ಹತ್ತುತ್ತಿರುತ್ತದೆ,
ಅವನು ಮುಂದಿನ ಚೀಟಿ ಎತ್ತುತ್ತಾನೆ.

ಏಪ್ರಿಲಿನಲ್ಲಿ ಗ್ಯಾಸ್ ಪೈಪಿಗೆಂದು ರಸ್ತೆ ಅಗೆದರು.
ಇಪ್ಪತ್ತಾರನೇ ಸ್ಟಾಪು ಎಂಬತ್ತು ಹೆಜ್ಜೆ ಆಚೆ ಹೋಯಿತು.
ಕಿತ್ತಳೆ ಬಣ್ಣದ ಶಂಕುಗಳು, ಒಂದು ಫಲಕ.
ನಾನು ಹೊಸ ಜಾಗದಲ್ಲಿ ನಿಲ್ಲಿಸುವುದನ್ನು ಕಲಿತೆ.

ಮೇ ತಿಂಗಳು, ಪರೀಕ್ಷೆಯ ಹಾಲು.
ಕಣ್ಣು ಮುಚ್ಚಿ ಲಾಖೀಯಿಂದ ಬಸ್ಸು ಬಿಟ್ಟೆ.
ಒಬ್ಬೊಬ್ಬರೇ ಹತ್ತಿದರು, ಚಿಲ್ಲರೆ ಸರಿಯಾಗಿ ಕೊಟ್ಟರು.
ನಾಲ್ಕನೇ ಪ್ರಶ್ನೆ:
ಹೊಸ ಕಲಿಕೆ ಹಳೆಯದನ್ನು ಅಳಿಸುವುದಕ್ಕೆ ಏನೆನ್ನುತ್ತಾರೆ? ಉದಾಹರಣೆ ಕೊಡಿ.
ಅದು ಇಪ್ಪತ್ತಾರರ ಗಿರಾಕಿ.
ಬಾಗಿಲು ತೆರೆದೆ. ಯಾರೂ ಇಲ್ಲ.
ಶಂಕುಗಳು, ಗುಂಡಿ, ಫಲಕ.
ಹೆಸರಿನ ಜಾಗ ಖಾಲಿ ಬಿಟ್ಟು
ಉದಾಹರಣೆ ಬರೆದೆ, ಒಂದೂವರೆ ಪುಟ:
ಒಂದು ಬಸ್ಸು, ಒಬ್ಬ ಚಾಲಕಿ, ಎಂಬತ್ತು ಹೆಜ್ಜೆ.

ಮಾರನೆಯ ದಿನ ಬೆಳಿಗ್ಗೆ ಏಳೂ ಹತ್ತರ ಸರದಿ.
ಅಗೆದದ್ದು ಮುಚ್ಚಿದ್ದರು, ಡಾಂಬರು ಇನ್ನೂ ಕಪ್ಪು.
ಹಳೆಯ ಕಂಬದ ಬಳಿ ಬರುತ್ತಿದ್ದಂತೆ ನಾಲಿಗೆಯ ತುದಿಗೆ ಬಂತು:
ಹಿಮ್ಮುಖ ಅಡ್ಡಿ.
ಹಿಮ್ಮುಖ!
ಜೀವಮಾನವೆಲ್ಲ ಎದೆಯ ಮೇಲಿನ ಬಿಲ್ಲೆಯಲ್ಲಿ
ಹೊತ್ತು ತಿರುಗಿದ್ದೆನಲ್ಲ.

ಬ್ರೇಕು ಒತ್ತಿದೆ, ಟಿಂಗ್ ಇಲ್ಲದೆ.
"ಇಲ್ಲಿ ನಿಲ್ಲಿಸೋ ಹಾಗಿಲ್ವಲ್ಲ?" ಎಂದ ಪೆಟ್ರಿ.
"ಒಬ್ಬರು ಹತ್ತೋದಿತ್ತು," ಎಂದೆ.
ಅವನು ತನ್ನ ಚೀಲ ತೊಡೆಯ ಮೇಲೆಳೆದು
ಪಕ್ಕದ ಸೀಟು ಖಾಲಿ ಮಾಡಿದ.